ಮನೆಯಲ್ಲಿ ಸಣ್ಣ ಪತಂಗ ಹಾರುತ್ತಿದೆಯೇ? ಮೂಲ ಹುಡುಕುವ ಬಗೆ

ಸಂಜೆ ಲೈಟು ಹಾಕಿದ ಕೂಡಲೇ ಅಡುಗೆಮನೆಯಲ್ಲಿ ಒಂದೆರಡು ಸಣ್ಣ ಪತಂಗ ಅಡ್ಡಾದಿಡ್ಡಿ ಹಾರತೊಡಗಿದರೆ ಹೆಚ್ಚಿನವರು ಕೈಯಿಂದ ಹೊಡೆಯುತ್ತಾರೆ, ಇಲ್ಲವೇ ಸ್ಪ್ರೇ ಹೊಡೆಯುತ್ತಾರೆ. ಮರುದಿನ ಮತ್ತೆ ಅಷ್ಟೇ ಪತಂಗ ಇರುತ್ತವೆ. ಕಾರಣ ಇಷ್ಟೇ: ಹಾರುವ ಪತಂಗ ನಿಮ್ಮ ಮನೆಯ ಒಂದು ಕಾಳನ್ನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳ. ಆ ಹುಳ ಎಲ್ಲೋ ಒಂದು ಡಬ್ಬಿಯಲ್ಲಿ, ಚೀಲದಲ್ಲಿ ಅಥವಾ ಕಪಾಟಿನ ಮೂಲೆಯಲ್ಲಿ ತನ್ನ ಪಾಡಿಗೆ ತಾನು ಮೇಯುತ್ತಿರುತ್ತದೆ. ನೀವು ಹುಡುಕಬೇಕಾದದ್ದು ಆ ಜಾಗವನ್ನು. ಎಲ್ಲಿ ಹುಡುಕಬೇಕು ಅನ್ನುವುದು ಪತಂಗದ ರೆಕ್ಕೆಯಿಂದಲೇ ಗೊತ್ತಾಗುತ್ತದೆ. ಅದಕ್ಕೇ ಅದನ್ನು ಮೊದಲು ಗುರುತಿಸಿ, ಆಮೇಲೆ ಕೊಲ್ಲುವ ಮಾತು.

ನಮ್ಮ ಕಡೆ ಈ ತೊಂದರೆ ಜಾಸ್ತಿ. ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಸುಗ್ಗಿಯಾದ ಮೇಲೆ ವರ್ಷಕ್ಕಾಗುವಷ್ಟು ಬಿಳಿಜೋಳ ಚೀಲದಲ್ಲಿ ಬಂದು ಕೂಡುತ್ತದೆ. ಜೊತೆಗೆ ಶೇಂಗಾ, ಗುರೆಳ್ಳು, ಬೇಸಿಗೆಯಲ್ಲಿ ಹೊಸೆದ ಶಾವಿಗೆ, ಒಣದ್ರಾಕ್ಷಿ. ಬೆಳಗಾವಿ ಕಡೆ ಮಳೆಗಾಲದ ತಿಂಗಳುಗಳ ಥಂಡಿ ಬೇರೆ. ಪತಂಗಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಮೊದಲು ಒಂದನ್ನು ಹಿಡಿಯಿರಿ

ಜಜ್ಜಿದ ಪತಂಗದಿಂದ ಏನೂ ಗೊತ್ತಾಗುವುದಿಲ್ಲ. ಬೆರಳು ತಾಗಿದರೂ ಸಾಕು, ರೆಕ್ಕೆಯ ಪುಡಿ ಉದುರಿ ಬಣ್ಣ ಹೋಗುತ್ತದೆ. ಆಮೇಲೆ ಎಲ್ಲವೂ ಬೂದಿ ಬಣ್ಣದ್ದೇ. ಅದು ಗೋಡೆಗೆ ಕೂತಾಗ ಮೇಲಿಂದ ಗಾಜಿನ ಲೋಟ ಮುಚ್ಚಿ, ಗೋಡೆಗೂ ಲೋಟಕ್ಕೂ ನಡುವೆ ದಪ್ಪ ಕಾಗದ ಮೆಲ್ಲಗೆ ಸರಿಸಿ. ಲೋಟವನ್ನು ಹಾಗೇ ಒಂದು ತಾಸು ಫ್ರೀಜರಿನಲ್ಲಿಟ್ಟರೆ ಪತಂಗ ಅಲುಗಾಡುವುದಿಲ್ಲ. ಬಿಳಿ ಹಾಳೆ ಮೇಲೆ ಇಟ್ಟು, ಪಕ್ಕಕ್ಕೆ ಶಾಲೆ ಮಕ್ಕಳ ಸ್ಕೇಲು ಇಟ್ಟು, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೆಳಕು ಪಕ್ಕದಿಂದ ಬೀಳಲಿ. ಫೋಟೊ ದೊಡ್ಡದು ಮಾಡಿ ನೋಡಿದರೆ ಬರಿಗಣ್ಣಿಗೆ ಕಾಣದ್ದೆಲ್ಲ ಕಾಣುತ್ತದೆ.

ನೋಡಬೇಕಾದದ್ದು ಇವು: ರೆಕ್ಕೆ ಮಡಿಚಿದಾಗ ಉದ್ದ ಎಷ್ಟು ಮಿಲಿಮೀಟರು, ಮುಂದಿನ ರೆಕ್ಕೆ ಒಂದೇ ಬಣ್ಣದ್ದೋ ಎರಡು ಬಣ್ಣದ್ದೋ, ಹಿಂದಿನ ರೆಕ್ಕೆಯ ತುದಿ ಚೂಪೋ ದುಂಡೋ, ತಲೆ ಮೇಲೆ ಜುಟ್ಟಿನಂಥ ಕೂದಲು ಇದೆಯೋ ಇಲ್ಲವೋ. ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ ಸಿಕ್ಕಿತು ಅನ್ನುವುದನ್ನೂ ಬರೆದಿಡಿ. ಅದು ರೆಕ್ಕೆಯಷ್ಟೇ ಮುಖ್ಯ.

ಅದು ಪತಂಗವೇ ಹೌದಾ?

ಬಚ್ಚಲುಮನೆಯ ಗೋಡೆಗೆ ಕೂರುವ, 2ರಿಂದ 5 ಮಿ.ಮೀ. ಉದ್ದದ, ಮೈಯೆಲ್ಲ ಕೂದಲಿರುವ ಕರಿಬೂದಿ ಬಣ್ಣದ ಹುಳ ಪತಂಗ ಅಲ್ಲ. ಅದು ಒಂದು ಜಾತಿಯ ನೊಣ. ಅದಕ್ಕೆ ಎರಡೇ ರೆಕ್ಕೆ, ಪತಂಗಕ್ಕೆ ನಾಲ್ಕು. ಮೋರಿಯ ಪೈಪಿನ ಒಳಗೆ ಕಟ್ಟಿದ ಲೋಳೆಯಲ್ಲಿ ಅದರ ಹುಳ ಬೆಳೆಯುತ್ತದೆ. ಸುಮ್ನೆ ಬಿಸಿನೀರು ಸುರಿದರೆ ಸಾಲದು, ಬ್ರಷ್ ಹಾಕಿ ಲೋಳೆ ಕೀಳಬೇಕು. ಮೊದಲ ಮಳೆಯ ಸಂಜೆ ರಾಶಿರಾಶಿ ಬಂದು ರೆಕ್ಕೆ ಉದುರಿಸಿ ಹೋಗುವವು ರೆಕ್ಕೆ ಬಂದ ಗೆದ್ದಲು. ಅವುಗಳ ನಾಲ್ಕೂ ರೆಕ್ಕೆ ಒಂದೇ ಅಳತೆ.

ಇಡೀ ಕಡಲೆ, ಹೆಸರು, ತೊಗರಿ ಕಾಳಿನಲ್ಲಿ ದುಂಡನೆ ತೂತು ಬಿದ್ದು, ಕಾಳಿನ ಮೇಲೆ ಬಿಳಿ ಚುಕ್ಕಿ ಅಂಟಿಕೊಂಡಿದ್ದರೆ ಅದೂ ಪತಂಗದ ಕೆಲಸ ಅಲ್ಲ. ಆ ಚುಕ್ಕಿಗಳು ಬೇಳೆಕಾಳು ಕೊರೆಯುವ ದುಂಬಿಯ ಮೊಟ್ಟೆ. ಅದರ ದಾರಿಯೇ ಬೇರೆ, ಇಲ್ಲಿ ಅದನ್ನು ಬಿಡೋಣ.

ಅಡುಗೆಮನೆಯಲ್ಲಿ ಹಾರುತ್ತಿದ್ದರೆ

ಇಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಬಗೆ.

ಮುಂದಿನ ರೆಕ್ಕೆಗೆ ಎರಡು ಬಣ್ಣ ಇದ್ದರೆ ಗುರುತು ಸುಲಭ. ಮೈಗೆ ಹತ್ತಿದ ಭಾಗ ತಿಳಿಬೂದಿ, ಹೊರಗಿನ ಮೂರರಲ್ಲಿ ಎರಡು ಪಾಲು ತಾಮ್ರದ ಬಣ್ಣ. ಕೂತಾಗ 8ರಿಂದ 10 ಮಿ.ಮೀ. ಉದ್ದ. ಇದು ಪ್ಲೋಡಿಯಾ ಇಂಟರ್‌ಪಂಕ್ಟೆಲ್ಲಾ ಎಂಬ ಜಾತಿ. ಹಿಟ್ಟು, ರವೆ, ಶೇಂಗಾ, ಗೋಡಂಬಿ, ಬದಾಮಿ, ಒಣದ್ರಾಕ್ಷಿ, ಒಣ ಖರ್ಜೂರ ಎಲ್ಲ ಇದಕ್ಕೆ ಆಗುತ್ತದೆ. ಹೆಣ್ಣು ಪತಂಗ 100ರಿಂದ 400ರವರೆಗೆ ಮೊಟ್ಟೆ ಇಡಬಲ್ಲದು. ನಮ್ಮ ಬೇಸಿಗೆಯಂಥ ಸೆಕೆಯಲ್ಲಿ ಮೊಟ್ಟೆಯಿಂದ ಪತಂಗ ಆಗಲು ಸುಮಾರು ಒಂದು ತಿಂಗಳು ಸಾಕು. ಚಳಿ ಇದ್ದರೆ ಇನ್ನೂ ತಡ.

ರೆಕ್ಕೆ ಪೂರಾ ಮಾಸಲು ಬೂದಿ-ಕಂದು, ಚಿತ್ತಾರ ಏನೂ ಇಲ್ಲ, ಉದ್ದ 12 ಮಿ.ಮೀ. ಆಸುಪಾಸು ಇದ್ದರೆ ಅದು ಅಕ್ಕಿ ಪತಂಗ, ಕಾರ್ಸೈರಾ. ರೆಕ್ಕೆಯ ನರಗಳು ಮಾತ್ರ ತುಸು ಕಪ್ಪಾಗಿ ಕಾಣುತ್ತವೆ. ಅಕ್ಕಿ, ಅಕ್ಕಿನುಚ್ಚು, ಜೋಳದ ನುಚ್ಚು, ರವೆ, ಶಾವಿಗೆ, ಸುಲಿದ ಶೇಂಗಾ ಇದರ ಮೇವು. ಕಬ್ಬು ಬೆಳೆಯುವವರಿಗೆ ಈ ಹುಳ ಇನ್ನೊಂದು ರೀತಿಯಲ್ಲಿ ಪರಿಚಯ. ಸುಳಿ ಕೊರೆಯುವ ಹುಳದ ಹತೋಟಿಗೆ ಗದ್ದೆಯಲ್ಲಿ ಕಟ್ಟುವ ಟ್ರೈಕೊ ಕಾರ್ಡ್ ಇರುತ್ತದಲ್ಲ, ಅದರ ಮೇಲೆ ಅಂಟಿಸಿರುವುದು ಇದೇ ಕಾರ್ಸೈರಾದ ಮೊಟ್ಟೆ. ಆ ಮೊಟ್ಟೆಯೊಳಗೆ ಟ್ರೈಕೊಗ್ರಾಮಾ ಎಂಬ ಅತಿ ಸಣ್ಣ ಕಣಜ ಬೆಳೆದು ಹೊರಬಂದು, ಸುಳಿ ಕೊರೆಯುವ ಹುಳದ ಮೊಟ್ಟೆಗಳನ್ನು ಹಾಳು ಮಾಡುತ್ತದೆ. ಅದಕ್ಕಾಗಿಯೇ ಪ್ರಯೋಗಾಲಯಗಳಲ್ಲಿ ಇದನ್ನು ಜೋಳದ ನುಚ್ಚು, ಸಜ್ಜೆ ನುಚ್ಚು ಹಾಕಿ ಸಾಕುತ್ತಾರೆ. ಹೊಲಕ್ಕೆ ಇಷ್ಟು ಉಪಕಾರಿಯಾದದ್ದು ಅಡುಗೆಮನೆಗೆ ಬಂದರೆ ಕಾಟ.

ವಿಜಯಪುರದ ಒಣದ್ರಾಕ್ಷಿಯಲ್ಲಿ ಮೂರನೆಯದೊಂದು ಸಿಗಬಹುದು: ಬೂದಿ ಬಣ್ಣ, ರೆಕ್ಕೆಗೆ ಅಡ್ಡಲಾಗಿ ಮಸುಕು ಪಟ್ಟಿ. ಇದು ಬದಾಮಿ ಪತಂಗ. ಇಲ್ಲಿ ಬದಾಮಿ ಅಂದರೆ ತಿನ್ನುವ ಬದಾಮಿ, ನಮ್ಮ ಚಾಲುಕ್ಯರ ಊರಲ್ಲ. ಹುಡುಕುವುದೂ ತೆಗೆಯುವುದೂ ಪ್ಲೋಡಿಯಾದಂತೆಯೇ.

ಈ ಮೂರಕ್ಕೂ ಒಂದೇ ಸಾಕ್ಷಿ: ನೂಲು. ಮರಿಹುಳ ಮೇಯುತ್ತಾ ರೇಷ್ಮೆಯಂಥ ಎಳೆ ಬಿಡುತ್ತದೆ. ರವೆ ಗಂಟುಗಂಟಾಗಿ ಹಿಡಿದಿದ್ದರೆ, ಶಾವಿಗೆ ಎಳೆಗಳು ಒಂದಕ್ಕೊಂದು ಅಂಟಿದ್ದರೆ, ಡಬ್ಬಿಯ ಮುಚ್ಚಳ ತೆಗೆಯುವಾಗ ತೆಳ್ಳನೆ ಬಲೆ ಹರಿದಂತಾದರೆ ಅದೇ ಮೂಲ. ಹಿಟ್ಟಿನಲ್ಲಿ ಹುಳ ಇದ್ದರೂ ಬಲೆ ಇಲ್ಲ, ಕೆಂಪು-ಕಂದು ಬಣ್ಣದ ಗಟ್ಟಿ ಮೈಯ ಸಣ್ಣ ಹುಳ ಓಡಾಡುತ್ತಿದೆ ಅಂದರೆ ಅದು ಹಿಟ್ಟಿನ ದುಂಬಿ. ಹಾರುವ ಪತಂಗಕ್ಕೂ ಅದಕ್ಕೂ ಸಂಬಂಧ ಇಲ್ಲ.

"ಎಲ್ಲಾ ಚೆಲ್ಲೀನಿ, ಆದ್ರೂ ಬರ್ತಾವ"

ಬಾಗಲಕೋಟೆಯ ನವನಗರದಲ್ಲಿ ನಮ್ಮ ಪಕ್ಕದ ಮನೆಯ ಕಾಕು ಹೇಳಿದ ಮಾತಿದು. "ಹಿಟ್ಟು, ರವಾ ಎಲ್ಲಾ ಚೆಲ್ಲೀನಿ ತಮ್ಮಾ. ಡಬ್ಬಿ ತೊಳದು ಬಿಸಲಿಗಿ ಇಟ್ಟೀನಿ. ಆದ್ರೂ ದಿನಾ ಸಂಜಿಗೆ ಹಾರ್ತಾವ." ಹಿಡಿದು ನೋಡಿದರೆ ತಾಮ್ರದ ರೆಕ್ಕೆ. ಹಾಗಾಗಿ ಹಿಟ್ಟು ಬಿಟ್ಟು ಒಣಹಣ್ಣು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ಕರದಂಟು ಮಾಡಲು ತಂದು ಉಳಿದ ಒಣದ್ರಾಕ್ಷಿ, ಖರ್ಜೂರ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಅಟ್ಟದ ಮೇಲಿತ್ತು. ಅವರಿಗೆ ಅದು ಮರೆತೇ ಹೋಗಿತ್ತು. ಕವರಿನ ಒಳಗೆಲ್ಲ ಬಲೆ, ಹೊರಗೆ ಸೂಜಿಮೊನೆಯಷ್ಟು ತೂತು. ಕಾಕು ಅದನ್ನು ನೋಡಿ, "ಇದರಾಗೂ ಹುಳಾ ಬೀಳ್ತಾವೇನು?" ಅಂದರು. ತೆಳು ಪ್ಲಾಸ್ಟಿಕ್ಕನ್ನು ಈ ಮರಿಹುಳ ಕಡಿದು ಹೋಗಬಲ್ಲದು. ಕವರಿಗೆ ಗಂಟು ಹಾಕಿದ್ದೇವೆ ಅನ್ನುವ ಭರವಸೆ ಬೇಡ.

ಎಲ್ಲ ಚೆಲ್ಲಿದ ಮೇಲೂ ಪತಂಗ ಬರುತ್ತಿದ್ದರೆ ಕಾರಣ ಎರಡೇ ಇರುತ್ತವೆ. ಒಂದು, ಇದೇ ಥರ ಮರೆತುಹೋದ ಸರಕು. ಹಬ್ಬಕ್ಕೆ ತಂದು ಉಳಿದ ಗೋಡಂಬಿ, ಒಣಕೊಬ್ಬರಿ, ನಾಯಿ ಬೆಕ್ಕಿನ ಆಹಾರ, ಗಿಳಿಗೆ ಹಾಕುವ ನವಣೆ, ಶೇಂಗಾ ಹಿಂಡಿಯ ಡಬ್ಬಿ, ಬೀಸಲು ಕೊಡುವ ಚೀಲದ ಹೊಲಿಗೆಯಲ್ಲಿ ಉಳಿದ ಹಿಟ್ಟು. ಗಿರಣಿಗೆ ಒಯ್ಯುವ ಬಟ್ಟೆ ಚೀಲವನ್ನು ಒಳಮಗ್ಗುಲು ಮಾಡಿ ನೋಡುವವರು ಕಡಿಮೆ. ನೋಡಿ.

ಎರಡನೆಯದು ಹೆಚ್ಚಿನವರಿಗೆ ಗೊತ್ತಿರದ ಸಂಗತಿ. ಪ್ಲೋಡಿಯಾದ ಹುಳ ಹೊಟ್ಟೆ ತುಂಬಿದ ಮೇಲೆ ತಿಂದ ಜಾಗದಲ್ಲಿ ಉಳಿಯುವುದಿಲ್ಲ. ಗೂಡು ಕಟ್ಟಲು ದೂರ ಹೋಗುತ್ತದೆ. ಗೋಡೆ ಹತ್ತಿ ಛಾವಣಿಯ ಮೂಲೆಗೆ, ಕಪಾಟಿನ ಹಲಗೆಯ ಅಡಿಗೆ, ಮೊಳೆಯ ತೂತಿಗೆ, ಕ್ಯಾಲೆಂಡರಿನ ಹಿಂದಕ್ಕೆ, ತಿರುಗಿಸುವ ಮುಚ್ಚಳದ ತಿರುಪಿನ ಸಂದಿಗೆ ಹೋಗಿ ಕೂರುತ್ತದೆ. ಹಗಲಿನಲ್ಲಿ ಗೋಡೆ ಮೇಲೆ ಮಾಸಲು ಬಿಳಿಯ, ಕಂದು ತಲೆಯ, 12 ಮಿ.ಮೀ.ನಷ್ಟು ಹುಳ ನಡೆಯುತ್ತಿದ್ದರೆ ಅದು ಈ ಪ್ರಯಾಣದಲ್ಲಿದೆ. ನೀವು ಹಿಟ್ಟು ಚೆಲ್ಲಿದರೂ ಗೂಡು ಕಟ್ಟಿದವು ಇನ್ನೂ ಕೆಲ ದಿನ ಪತಂಗವಾಗಿ ಹೊರಬರುತ್ತಲೇ ಇರುತ್ತವೆ. ಅವಕ್ಕೆ ಮೊಟ್ಟೆ ಇಡಲು ತೆರೆದ ಸರಕು ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಸಿಕ್ಕರೆ ಇನ್ನೊಂದು ತಿಂಗಳ ಕಥೆ.

ಆದ್ದರಿಂದ ಕಪಾಟು ಪೂರಾ ಖಾಲಿ ಮಾಡಿ. ಬಿರುಕುಗಳನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯಿರಿ, ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ. ಹಾಸಿದ ಹಳೆ ಪೇಪರು ಬಿಸಾಕಿ. ಮುಚ್ಚಳಗಳ ತಿರುಪಿನ ಸಂದಿಯನ್ನು ಒಂದೊಂದಾಗಿ ಬಿಸಿನೀರಿನಲ್ಲಿ ತಿಕ್ಕಿ. ಬಲೆ ಹಿಡಿದ ಹಿಟ್ಟು, ರವೆಯನ್ನು ಸಾಣಿಗೆಯಲ್ಲಿ ಹಿಡಿದು ಮತ್ತೆ ಬಳಸುವುದು ಬೇಡ. ಹುಳ ವಿಷವೇನಲ್ಲ, ಕಚ್ಚುವುದೂ ಇಲ್ಲ. ಆದರೆ ಹಿಕ್ಕೆ, ಪೊರೆ, ಎಳೆ ಎಲ್ಲ ಅದರಲ್ಲೇ ಉಳಿದಿರುತ್ತವೆ. ಚೆನ್ನಾಗಿಯೇ ಇದೆ, ಆದರೂ ಅನುಮಾನ ಅನ್ನುವ ಒಣದ್ರಾಕ್ಷಿ, ಗೋಡಂಬಿಯನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಡಿ. ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದಾಗ ಡಬ್ಬಿ ಮಾಮೂಲಿ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ, ನೀರು ಹಿಡಿಯುತ್ತದೆ. ರವೆಯನ್ನು ತಂದ ದಿನವೇ ಹುರಿದು, ಆರಿಸಿ, ತುಂಬಿಡುವ ನಮ್ಮ ಅವ್ವಂದಿರ ಪದ್ಧತಿ ತುಂಬಾ ಸರಿಯಾದದ್ದು. ಆ ಬಿಸಿಗೆ ಮೊಟ್ಟೆ ಉಳಿಯುವುದಿಲ್ಲ.

ಜೋಳದ ಚೀಲದ ಹತ್ತಿರ ಹಾರುತ್ತಿದ್ದರೆ

ಅಡುಗೆಮನೆಯಲ್ಲಿ ಅಲ್ಲ, ಚೀಲ ಒಟ್ಟಿದ ಕೋಣೆಯಲ್ಲಿ ಹಾರುತ್ತಿವೆ. ಪತಂಗ ತೀರ ಸಣ್ಣದು, ಒಣಹುಲ್ಲಿನ ಬಣ್ಣ, 6ರಿಂದ 8 ಮಿ.ಮೀ. ಚೀಲ ಅಲುಗಿಸಿದರೆ ಗುಂಪಾಗಿ ಏಳುತ್ತವೆ. ಎಲ್ಲೂ ಬಲೆ ಇಲ್ಲ. ಹಾಗಿದ್ದರೆ ಅದು ಧಾನ್ಯದ ಪತಂಗ, ಸೈಟೊಟ್ರೋಗಾ ಸಿರಿಯಲೆಲ್ಲಾ. ಫೋಟೊದಲ್ಲಿ ಹಿಂದಿನ ರೆಕ್ಕೆ ನೋಡಿ: ಕಿರಿದಾಗಿದ್ದು, ತುದಿ ಥಟ್ಟನೆ ಚೂಪಾಗುತ್ತದೆ, ಅಂಚಿಗೆ ಉದ್ದನೆ ಕೂದಲು. ಅಡುಗೆಮನೆಯ ಬೇರೆ ಪತಂಗಗಳಿಗೆ ಈ ಗುರುತಿಲ್ಲ.

ಜೋಳ ಬೆಳೆಯುವ ನಮ್ಮ ಜಿಲ್ಲೆಗಳಿಗೆ ಇದೇ ದೊಡ್ಡ ಶತ್ರು. ಇದರ ಮರಿಹುಳ ಕಾಳಿನ ಹೊರಗೆ ಇರುವುದೇ ಇಲ್ಲ. ಮೊಟ್ಟೆಯಿಂದ ಬಂದ ಕೂಡಲೇ ಕಾಳಿನೊಳಗೆ ಕೊರೆದು ಹೋಗಿ, ಒಳಗಿನ ತಿರುಳು ತಿಂದು, ಅಲ್ಲೇ ಗೂಡಾಗಿ, ಪತಂಗವಾಗಿ ಹೊರಬರುತ್ತದೆ. ಹೊರಬರುವ ಮುಂಚೆ ಕಾಳಿನ ಸಿಪ್ಪೆಯನ್ನು ದುಂಡಗೆ ಕತ್ತರಿಸಿ ತೆಳ್ಳನೆ ಬಾಗಿಲು ಮಾಡಿರುತ್ತದೆ. ಭೂತಗನ್ನಡಿ ಇದ್ದರೆ ಆ ಬಾಗಿಲು ಕಾಣುತ್ತದೆ. ಸೆಕೆಯಲ್ಲಿ ಇಡೀ ಸುತ್ತು ಸುಮಾರು ಐದು ವಾರ. ಹೊಲದಲ್ಲಿ ತೆನೆ ಮಾಗುವಾಗಲೇ ಇದು ಮೊಟ್ಟೆ ಇಡುತ್ತದೆ. ಹಾಗಾಗಿ ಹೊಸ ಜೋಳ, ಹೊಸ ಚೀಲ, ಸ್ವಚ್ಛ ಕೋಣೆ ಇದ್ದರೂ ಪತಂಗ ಬರಬಹುದು. ಅದು ಮನೆಯವರ ಅಸಡ್ಡೆ ಅಂತ ತಿಳಿಯಬೇಕಿಲ್ಲ.

ಪರೀಕ್ಷೆ ಸುಲಭ. ಚೀಲದ ಮೇಲ್ಭಾಗದಿಂದ ಒಂದು ಬೊಗಸೆ ಜೋಳ ತೆಗೆದು ನೀರಿನ ಪಾತ್ರೆಗೆ ಹಾಕಿ. ಟೊಳ್ಳಾದ ಕಾಳು ತೇಲುತ್ತವೆ. ಅವನ್ನು ಉಗುರಿನಿಂದ ಒಡೆದು ನೋಡಿ: ಒಳಗೆ ಹುಳವೋ, ಗೂಡೋ, ಬರೀ ಪುಡಿಯೋ ಇರುತ್ತದೆ. ಈಗ ಚೀಲದ ನಡುವಿನಿಂದ ಇನ್ನೊಂದು ಬೊಗಸೆ ತೆಗೆದು ಹೀಗೇ ಮಾಡಿ. ಮೇಲಿನದರಲ್ಲಿ ತುಂಬಾ ತೇಲಿ, ನಡುವಿನದರಲ್ಲಿ ಅಷ್ಟಾಗಿ ತೇಲದಿದ್ದರೆ ಪತಂಗವೇ ಕಾರಣ. ಇದರ ರೆಕ್ಕೆ ನಾಜೂಕು, ಕಾಳಿನ ರಾಶಿಯ ಆಳಕ್ಕೆ ಇಳಿಯಲಾರದು. ಹಾವಳಿ ಎಲ್ಲ ಮೇಲಿನ ಪದರದಲ್ಲಿ. ನಡುವಿನಲ್ಲೂ ಅಷ್ಟೇ ಹಾಳಾಗಿದ್ದು, ಮೂತಿ ಉದ್ದದ ಕಂದು-ಕಪ್ಪು ಹುಳ ಕಂಡರೆ ಅದು ಮೂತಿಹುಳ. ಎರಡೂ ಒಟ್ಟಿಗೆ ಇರುವುದೂ ಉಂಟು. ರೊಟ್ಟಿ ತಟ್ಟುವಾಗ ಹರಿಯುತ್ತಿದೆ, ಹಿಟ್ಟಿಗೆ ಜಿಗಿ ಇಲ್ಲ ಅನ್ನಿಸಿದರೂ ಚೀಲ ಒಮ್ಮೆ ನೋಡಿ. ತಿರುಳು ಹೋದ ಕಾಳಿನಿಂದ ಜಿಗಿ ಎಲ್ಲಿಂದ ಬರಬೇಕು?

ಮೇಲಿನ ಪದರವನ್ನು ಬೇರೆ ತೆಗೆದು ದನಕ್ಕೋ ಕೋಳಿಗೋ ಹಾಕಿ. ಉಳಿದದ್ದನ್ನು ಮಾಳಿಗೆ ಮೇಲೆ ಒಣಗಿಸಿ. ಸುಮ್ನೆ ಹರವಿದರೆ ಪತಂಗ ಓಡುತ್ತದೆ, ಕಾಳಿನೊಳಗಿನ ಹುಳ ಉಳಿಯುತ್ತದೆ. ಏಪ್ರಿಲ್, ಮೇ ಬಿಸಿಲು ನಮಗೆ ಪುಕ್ಕಟೆ ಸಿಗುವ ಔಷಧಿ, ಅದನ್ನು ಪೂರ್ತಿ ಬಳಸಿ. ಕೆಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ, ಮೇಲೆ ಎರಡು ಬೆರಳು ದಪ್ಪಕ್ಕೆ ಜೋಳ, ಅದರ ಮೇಲೆ ತಿಳಿ ಪ್ಲಾಸ್ಟಿಕ್ ಹಾಳೆ, ಸುತ್ತಲೂ ಕಲ್ಲು. ಮಧ್ಯಾಹ್ನದ ಕೆಲವು ತಾಸು ಹೀಗಿಟ್ಟರೆ ಒಳಗಿನ ಬಿಸಿ ಹೊರಗಿಗಿಂತ ಎಷ್ಟೋ ಏರಿ ಹುಳ ಸಾಯುತ್ತದೆ. ಕಾಳು ಮೊದಲೇ ಒಣಗಿರಬೇಕು, ಇಲ್ಲದಿದ್ದರೆ ಹಾಳೆಯ ಕೆಳಗೆ ಬೆವರುತ್ತದೆ. ಬಿತ್ತನೆ ಕಾಳಿಗೆ ಈ ಪ್ರಯೋಗ ಬೇಡ. ಆಮೇಲೆ ನೆರಳಿನಲ್ಲಿ ಪೂರ್ತಿ ಆರಿಸಿ ತುಂಬಿ. ಬಿಸಿ ಕಾಳು ತುಂಬಿದರೆ ಒಳಗೆ ತೇವ ಕಟ್ಟುತ್ತದೆ. ಹಲ್ಲಿಗೆ ಹಾಕಿದಾಗ ಕಟ್ ಅಂತ ಒಡೆದರೆ ಒಣಗಿದೆ ಅಂತ ಲೆಕ್ಕ. ತೇವಾಂಶ 12 ಶೇಕಡಾಗಿಂತ ಕಡಿಮೆ ಇದ್ದರೆ ಒಳ್ಳೆಯದು.

ತುಂಬುವುದು ಗೋಣಿಚೀಲಕ್ಕಿಂತ ಗಾಳಿಯಾಡದ ಡ್ರಮ್ಮಿಗೆ ಒಳ್ಳೆಯದು, ಅದೂ ಕಂಠದ ತನಕ. ಹಿಂದೆ ನಮ್ಮ ಹಳ್ಳಿಗಳಲ್ಲಿ ಹಗೇವು ಇದ್ದವು. ನೆಲದೊಳಗಿನ ಆ ಕಣಜವನ್ನು ಮುಚ್ಚಿದ ಮೇಲೆ ಕಾಳು ಮತ್ತು ಹುಳಗಳ ಉಸಿರಿಗೇ ಒಳಗಿನ ಆಮ್ಲಜನಕ ಕರಗಿ, ಇಂಗಾಲದ ಡೈಆಕ್ಸೈಡ್ ತುಂಬಿ, ಹುಳ ಸಾಯುತ್ತಿತ್ತು. ಅದೇ ಕಾರಣಕ್ಕೆ ಹಗೇವು ತೆಗೆದ ಕೂಡಲೇ ಒಳಗೆ ಇಳಿಯುವುದು ಪ್ರಾಣಕ್ಕೆ ಅಪಾಯ. ತುಂಬಿದ ಡ್ರಮ್ಮು ಅದೇ ಕೆಲಸ ಮಾಡುತ್ತದೆ. ಅರ್ಧ ಖಾಲಿ ಡ್ರಮ್ಮಿನಲ್ಲಿ ಗಾಳಿ ಜಾಸ್ತಿ, ಗುಣ ಕಡಿಮೆ. ಒಣಗಿದ ಬೇವಿನ ಎಲೆ ಹಾಕಿದರೆ ಹೊಸ ಪತಂಗ ಬರುವುದು ತಗ್ಗಬಹುದು. ಒಳಗಿರುವ ಹುಳಕ್ಕೆ ಅದರಿಂದ ಏನೂ ಆಗುವುದಿಲ್ಲ. ಹಸಿ ಎಲೆಯಂತೂ ಬೇಡ.

ಬಟ್ಟೆಯ ಕಪಾಟು, ಗೋಡೆ

ಬಟ್ಟೆ ತಿನ್ನುವ ಪತಂಗ ದೀಪಕ್ಕೆ ಬರುವುದಿಲ್ಲ. ಕಪಾಟು ತೆಗೆದಾಗ ಕತ್ತಲೆ ಕಡೆಗೆ ಓಡುತ್ತದೆ. ಹೊಂಬಣ್ಣ, 6ರಿಂದ 8 ಮಿ.ಮೀ., ತಲೆ ಮೇಲೆ ಕೆಂಚು ಜುಟ್ಟು. ಬಲ್ಬಿನ ಸುತ್ತ ಹಾರುವ ಪತಂಗ ನೋಡಿ ಸೀರೆಗಳ ಚಿಂತೆ ಮಾಡಬೇಕಿಲ್ಲ. ಇದರ ಹುಳಕ್ಕೆ ಬೇಕಾದದ್ದು ಉಣ್ಣೆ, ರೇಷ್ಮೆ, ಪುಕ್ಕ, ಕೂದಲು. ಮೊದಲು ಕಂಬಳಿ ಬಿಚ್ಚಿ ನೋಡಿ, ಮಡಿಕೆಯ ಒಳಗೆ. ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದಾಗಿದ್ದು ಸೆರಗು ಅಸಲಿ ರೇಷ್ಮೆಯದಾದರೆ ಸೆರಗನ್ನೇ ನೋಡಿ. ಬೆವರು, ಎಣ್ಣೆಯ ಕಲೆ ಇದ್ದ ಕಡೆ ಮೊದಲು ತಿನ್ನುತ್ತದೆ. ಹತ್ತಿ ಬಟ್ಟೆಯ ಕೌದಿಗೆ ಹೆಚ್ಚು ಭಯ ಇಲ್ಲ. ಬಿಸಿಲಿಗೆ ಹಾಕಿ, ಕೊಡವಿ, ಬ್ರಷ್ ಮಾಡಿ, ಒಗೆದು ಪೂರ್ತಿ ಒಣಗಿಸಿ ಕಟ್ಟಿಡಿ.

ಗೋಡೆ ಮೇಲೆ ಕುಂಬಳಬೀಜದ ಆಕಾರದ, ಮರಳು ಬಣ್ಣದ ಚಪ್ಪಟೆ ಚೀಲ ನಿಧಾನವಾಗಿ ನಡೆಯುತ್ತಿದ್ದರೆ ಗಾಬರಿ ಬೇಡ. ಅದೂ ಪತಂಗದ ಮರಿಯೇ. ಮರಳು, ನೂಲು, ಧೂಳು ಸೇರಿಸಿ ಚೀಲ ಹೆಣೆದುಕೊಂಡು, ಎರಡೂ ತುದಿಯಿಂದ ತಲೆ ಹಾಕುತ್ತದೆ. ತಿನ್ನುವುದು ಜೇಡರ ಬಲೆ, ಸತ್ತ ಹುಳ, ಉದುರಿದ ಕೂದಲು. ತೇವದ ಗೋಡೆ ಇದ್ದಲ್ಲಿ, ಹಾಗಾಗಿ ಬೆಳಗಾವಿಯ ಮಳೆಗಾಲದಲ್ಲಿ, ಹೆಚ್ಚು ಕಾಣಬಹುದು. ಬಲೆ ತೆಗೆದು ಮೂಲೆ ಗುಡಿಸಿದರೆ ಸಾಕು.

ಬೇಡವೇ ಬೇಡ ಅನ್ನುವವು

ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯಲ್ಲಿ ಬಳಸಬೇಡಿ. ಒಂದೇ ಒಂದು ಗುಳಿಗೆಯೂ ಬೇಡ. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಮಲಗುವ ಕೋಣೆಯ ಪಕ್ಕ ಜೋಳದ ಚೀಲ ಇಟ್ಟ ಮನೆಗಳಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಇರುವಷ್ಟು ಇದು ಅಪಾಯಕಾರಿ, ಮತ್ತು ಇದಕ್ಕೆ ಪ್ರತಿವಿಷ ಇಲ್ಲ. ಅನುಮತಿ, ತರಬೇತಿ ಇದ್ದವರು ಗೋದಾಮಿನಲ್ಲಿ ಬಳಸುವ ವಸ್ತು ಅದು. ಯಾರೋ ಪುಡಿಕೆ ಕಟ್ಟಿ ಕೊಟ್ಟರೂ ತರಬೇಡಿ. ಡಾಂಬರ ಗುಳಿಗೆಯನ್ನು (ನ್ಯಾಫ್ತಲೀನ್) ಕಾಳಿನ ಜೊತೆ ಇಡಬಾರದು. ಕೂಸಿನ ಬಟ್ಟೆ, ಕುಲಾವಿ ಇಟ್ಟ ಕಪಾಟಿನಲ್ಲೂ ಬೇಡ. ರಕ್ತದಲ್ಲಿ ಹುಟ್ಟಿನಿಂದ ಒಂದು ಬಗೆಯ ಕೊರತೆ ಇರುವ ಮಕ್ಕಳಿಗೆ ಅದರಿಂದ ಕೆಂಪು ರಕ್ತಕಣ ಒಡೆದು ಕಾಮಾಲೆ ಬರಬಹುದು. ಸ್ಪ್ರೇಯನ್ನು ಆಹಾರದ ಕಪಾಟಿನೊಳಗೆ ಹೊಡೆಯುವುದೂ ಅಷ್ಟೇ ತಪ್ಪು.

ಸರಿಹೋಯಿತಾ ಅಂತ ತಿಳಿಯುವುದು

ಬದನೆ, ಹತ್ತಿಗೆ ಹೊಲದಲ್ಲಿ ಹಾಕುವ, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆಯಂತೆಯೇ ಮನೆಯ ಪತಂಗಕ್ಕೂ ಅಂಟು ಬಲೆ ಸಿಗುತ್ತವೆ. ಅದಕ್ಕೆ ಬೀಳುವುದು ಗಂಡು ಪತಂಗ ಮಾತ್ರ. ಹೆಣ್ಣು ಮೊಟ್ಟೆ ಇಡುತ್ತಲೇ ಇರುತ್ತದೆ. ಹಾಗಾಗಿ ಹತೋಟಿಗಲ್ಲ, ಪತ್ತೆಗೆ ಇಟ್ಟುಕೊಳ್ಳಿ. ಯಾವ ಕೋಣೆಯ ಬಲೆಗೆ ಹೆಚ್ಚು ಬಿದ್ದವು ಅನ್ನುವುದು ಮೂಲದ ದಿಕ್ಕು ತೋರಿಸುತ್ತದೆ. ಪ್ಲೋಡಿಯಾದ ಬಲೆಗೆ ಜೋಳದ ಚೀಲದ ಧಾನ್ಯದ ಪತಂಗ ಬರುವುದಿಲ್ಲ, ಕೊಳ್ಳುವಾಗ ಜಾತಿ ನೋಡಿ ಕೊಳ್ಳಿ. ಬಲೆಯನ್ನು ತೆರೆದ ಕಿಟಕಿಯ ಪಕ್ಕ ತೂಗುಹಾಕಬೇಡಿ, ಹೊರಗಿನವನ್ನೂ ಕರೆಯುತ್ತದೆ.

ಬಲೆ ಇಲ್ಲದಿದ್ದರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸ್ವಚ್ಛ ಮಾಡಿದ ಮೊದಲ ಎರಡು ಮೂರು ವಾರ ಒಂದೊಂದು ಪತಂಗ ಕಾಣುವುದು ಸಹಜ, ಅವು ಗೂಡಿನಿಂದ ಬಂದವು. ಅಕ್ಕಿ ಪತಂಗವಾದರೆ ಸುತ್ತು ಉದ್ದ, ಒಂದೂವರೆ ತಿಂಗಳು ಕಾಯಬೇಕು. ಅಷ್ಟು ಕಳೆದ ಮೇಲೂ ಸಂಖ್ಯೆ ಏರುತ್ತಿದ್ದರೆ ಇನ್ನೊಂದು ಡಬ್ಬಿಯೋ ಚೀಲವೋ ಉಳಿದಿದೆ ಅಂತ ಅರ್ಥ, ಮತ್ತೆ ಅಟ್ಟದಿಂದ ಶುರು ಮಾಡಿ. ರೆಕ್ಕೆ ನೋಡಿಯೂ ಗುರುತು ಸಿಗದಿದ್ದರೆ, ಹಿಡಿದ ಪತಂಗವನ್ನು ಸಣ್ಣ ಡಬ್ಬಿಯಲ್ಲಿ ಹತ್ತಿ ಒತ್ತದೆ ಇಟ್ಟು, ಜೊತೆಗೆ ಒಂದು ಹಿಡಿ ಕಾಳನ್ನೂ ಬೇರೆ ಪೊಟ್ಟಣದಲ್ಲಿ ತೆಗೆದುಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ, ವಿಜಯಪುರದ ಕೃಷಿ ಮಹಾವಿದ್ಯಾಲಯದಲ್ಲಿ ಕೀಟಶಾಸ್ತ್ರದವರು ಇದ್ದಾರೆ. ಎಲ್ಲಿ, ಯಾವ ಹೊತ್ತಿಗೆ, ಯಾವ ಸರಕಿನ ಹತ್ತಿರ ಸಿಕ್ಕಿತು ಅಂತ ಬರೆದ ಚೀಟಿ ಜೊತೆಗಿರಲಿ.